ಮೆದುಳಿನ ಒಲೆ

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಮುಪ್ಪಿನ ಮರೆವನ್ನು ನಗೆಗೆ ವಸ್ತುವಾಗಿಸಿದ ಈ ಮಾತಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ವೈದ್ಯರ ಲೆಕ್ಕದಲ್ಲಿ ಮಾತ್ರ ಆ ಭೇದವುಂಟು. ಮರೆಗುಳಿ ರೋಗಗಳಲ್ಲಿ ಮುಖ್ಯವಾದ ಆಲ್ಜೈಮರ್ ರೋಗಕ್ಕೆ ತುತ್ತಾದವರಲ್ಲಿ, ಅಮೆರಿಕದ ಗಣನೆಯಂತೆ, ಸುಮಾರು ಮೂರರಲ್ಲಿ ಎರಡು ಪಾಲು ಸ್ತ್ರೀಯರು. ಸ್ತ್ರೀಯರು ಹೆಚ್ಚು ಕಾಲ ಬದುಕುವುದು ಇದಕ್ಕೆ ಒಂದು ಕಾರಣ. ಅದೊಂದೇ ಸಾಲದೆಂದು ತೋರಿದ್ದರಿಂದ ಕೆಲವು ವಿಜ್ಞಾನಿಗಳ ದೃಷ್ಟಿ ಅಂಡಾಶಯದತ್ತ ಹರಿಯಿತು.

ಅಂಡಾಶಯಕ್ಕೂ ಮೆದುಳಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಮೊದಲು ಮೆದುಳಿನ ಹಸಿವನ್ನು ನೋಡೋಣ. ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಸುಮಾರು 2. ದೇಹವು ವಿಶ್ರಾಂತಿಯಲ್ಲಿರುವಾಗ ವ್ಯಯವಾಗುವ ಶಕ್ತಿಯಲ್ಲಿ ಅದರ ಪಾಲು ನೂರಕ್ಕೆ ಸುಮಾರು 20. ನಾವು ನಿದ್ರಿಸುವಾಗಲೂ ಈ ಒಲೆ ಆರುವುದಿಲ್ಲ. ಇದರ ಸೌದೆ ಗ್ಲೂಕೋಸ್ ಎಂಬ ಸಕ್ಕರೆ. ಮೆದುಳು ಅದನ್ನು ಹೆಚ್ಚಾಗಿ ಕೂಡಿಟ್ಟುಕೊಳ್ಳಲಾರದು. ರಕ್ತವು ಕ್ಷಣಕ್ಷಣವೂ ಹೊತ್ತು ತರಬೇಕು. ಜೀವಕೋಶಗಳಲ್ಲಿರುವ ಮೈಟೋಕಾಂಡ್ರಿಯಗಳೆಂಬ ಸೂಕ್ಷ್ಮಾಂಗಗಳು ಆಮ್ಲಜನಕದ ನೆರವಿನಿಂದ ಅದನ್ನು ಶಕ್ತಿಯಾಗಿ ಮಾರ್ಪಡಿಸುತ್ತವೆ.

ಅಂಡಾಶಯವು ಸ್ರವಿಸುವ ಈಸ್ಟ್ರೊಜೆನ್ ಎಂಬ ಹಾರ್ಮೋನು ರಕ್ತದೊಡನೆ ಮೆದುಳನ್ನೂ ಸೇರುತ್ತದೆ. ನೆನಪಿಗೆ ನೆಲೆಯಾದ ಹಿಪೊಕ್ಯಾಂಪಸ್ ಭಾಗದಲ್ಲಿ ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳಿವೆ. ಗ್ಲೂಕೋಸು ಕೋಶಗಳನ್ನು ಹೊಗುವುದಕ್ಕೂ ಮೈಟೋಕಾಂಡ್ರಿಯಗಳು ಚೆನ್ನಾಗಿ ದುಡಿಯುವುದಕ್ಕೂ ಈ ಹಾರ್ಮೋನು ನೆರವಾಗುವುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಐವತ್ತರ ಆಸುಪಾಸಿನಲ್ಲಿ ಮುಟ್ಟು ನಿಂತಾಗ ಈ ನೆರವು ಕುಗ್ಗುತ್ತದೆ. ನ್ಯೂಯಾರ್ಕಿನ ಲೀಸಾ ಮೋಸ್ಕೋನಿ ಮತ್ತು ಸಂಗಡಿಗರು ಆ ವಯಸ್ಸಿನ ಸ್ತ್ರೀಯರ ಮೆದುಳಿನ ಚಿತ್ರ ತೆಗೆದು, ಗ್ಲೂಕೋಸಿನ ಬಳಕೆ ತಗ್ಗಿರುವುದನ್ನು 2017ರಲ್ಲಿ ವರದಿಮಾಡಿದರು. ಆದರೆ ಮುಟ್ಟು ನಿಂತವರೆಲ್ಲರಿಗೂ ಮರೆವು ಕವಿಯುವುದೆಂದು ಇದರ ಅರ್ಥವಲ್ಲ. ಎಂಬತ್ತರಲ್ಲೂ ಊರಿನ ನಾಲ್ಕು ತಲೆಮಾರಿನ ನಂಟುಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡ ಅಜ್ಜಿಯರನ್ನು ಯಾರು ಕಂಡಿಲ್ಲ!

ವಯೋಧರ್ಮದಿಂದ ಮೆಲ್ಲಮೆಲ್ಲನೆ ಆಗುವ ಇಳಿತ ಒಂದು ಬಗೆ. ಶಸ್ತ್ರಕ್ರಿಯೆಯಿಂದ ಎರಡೂ ಅಂಡಾಶಯಗಳನ್ನು ತೆಗೆದಾಗ ಒಮ್ಮೆಲೇ ಆಗುವ ನಷ್ಟ ಇನ್ನೊಂದು ಬಗೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಮೇಯೊ ಕ್ಲಿನಿಕ್ಕಿನಲ್ಲಿ ವಾಲ್ಟರ್ ರೊಕ್ಕಾ ಮತ್ತು ಸಂಗಡಿಗರು, 1950ರಿಂದ 1987ರವರೆಗೆ ಒಂದು ಅಥವಾ ಎರಡೂ ಅಂಡಾಶಯಗಳನ್ನು ಕಳೆದುಕೊಂಡ ಆ ಸೀಮೆಯ ಸ್ತ್ರೀಯರ ಮುಂದಿನ ಬಾಳನ್ನು ಪರಿಶೀಲಿಸಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಮುಟ್ಟು ನಿಲ್ಲುವ ಮೊದಲೇ ಈ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ನೆನಪು, ವಿವೇಚನೆಗಳು ಕುಂದುವ ಸಂಭವ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ವಯಸ್ಸು ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಎರಡನ್ನೂ ಕಳೆದುಕೊಂಡು, ಐವತ್ತರವರೆಗಾದರೂ ಈಸ್ಟ್ರೊಜೆನ್ನನ್ನು ಔಷಧವಾಗಿ ಪಡೆದವರಲ್ಲಿ ಮಾತ್ರ ಈ ಹೆಚ್ಚಳ ಕಾಣಲಿಲ್ಲ.

ಹಾಗಾದರೆ ವೃದ್ಧೆಯರಿಗೆಲ್ಲ ಆ ಔಷಧವನ್ನು ಕೊಡಬಾರದೇಕೆ? ಆ ಪರೀಕ್ಷೆಯೂ ನಡೆದಿದೆ. 65 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ 4,532 ಅಮೆರಿಕದ ಸ್ತ್ರೀಯರಲ್ಲಿ ಕೆಲವರಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಗುಳಿಗೆಯನ್ನೂ ಉಳಿದವರಿಗೆ ಹುಸಿ ಗುಳಿಗೆಯನ್ನೂ ಕೊಟ್ಟರು. 2003ರಲ್ಲಿ ಫಲ ಹೊರಬಿದ್ದಾಗ ಎಲ್ಲರೂ ಬೆರಗಾದರು: ಔಷಧ ಪಡೆದವರಲ್ಲಿ ಮರೆಗುಳಿ ರೋಗ ತಗ್ಗುವ ಬದಲು ಇಮ್ಮಡಿಯಾಗಿತ್ತು! ಹಾರ್ಮೋನನ್ನು ಯಾವ ವಯಸ್ಸಿನಲ್ಲಿ ಕೊಡಲಾಯಿತೆಂಬುದೇ ಈ ವ್ಯತ್ಯಾಸಕ್ಕೆ ಕಾರಣವಿರಬಹುದೆಂದು ಹಲವರ ಊಹೆ, ಅದಿನ್ನೂ ಸಿದ್ಧಪಟ್ಟಿಲ್ಲ.

ಹಿಂದೆ ಗರ್ಭಕೋಶವನ್ನು ತೆಗೆಯುವಾಗ, ಇನ್ನು ಇವುಗಳಿಂದೇನು ಎಂದು ಆರೋಗ್ಯವಾಗಿದ್ದ ಅಂಡಾಶಯಗಳನ್ನೂ ತೆಗೆದುಬಿಡುತ್ತಿದ್ದುದುಂಟು. ಮುಟ್ಟು ನಿಲ್ಲದ ವಯಸ್ಸಿನವರಲ್ಲಿ, ಅರ್ಬುದದ ಭಯವಿಲ್ಲದಿದ್ದರೆ, ಅವನ್ನು ಉಳಿಸುವುದೇ ಲೇಸೆಂದು ವೈದ್ಯಶಾಸ್ತ್ರ ಈಗ ಹೇಳುತ್ತದೆ.