ಬೀಡಿಯ ಹೊಗೆ

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣಾ ನದಿಯ ದಡದಲ್ಲಿರುವ ಊರು. ಶರಣೆ ನೀಲಾಂಬಿಕೆಯ ಐಕ್ಯಸ್ಥಳವೆಂದು ಪ್ರಸಿದ್ಧವಾದುದು. ಹೊಲದ ಕೆಲಸದ ನಡುವೆ ಮರದ ನೆರಳಿಗೆ ಕುಳಿತು ಬೀಡಿ ಹಚ್ಚುವುದು ಈ ಸೀಮೆಯ ಹಳೆಯ ರೂಢಿ. ಬೀಡಿಯ ತಂಬಾಕಿಗೆ ಹೆಸರಾದ ನಿಪ್ಪಾಣಿ ಪೇಟೆಯಿರುವುದೂ ಉತ್ತರ ಕರ್ನಾಟಕದಲ್ಲಿಯೇ. ಸಿಗರೇಟು ಪಟ್ಟಣದ ಚಟ, ಬೀಡಿಯಾದರೋ ಎಲೆಯಲ್ಲಿ ಸುತ್ತಿದ್ದು, ಅದರಿಂದ ಅಷ್ಟೇನೂ ಕೇಡಿಲ್ಲ ಎಂದು ನಂಬಿದವರು ಹಳ್ಳಿಗಳಲ್ಲಿ ಅನೇಕರು.

ಈ ನಂಬಿಕೆ ಪರೀಕ್ಷೆಗೆ ನಿಲ್ಲಲಾರದು. ಬೀಡಿಯಲ್ಲಿರುವ ತಂಬಾಕು ಸಿಗರೇಟಿನಲ್ಲಿರುವುದಕ್ಕಿಂತ ಕಡಿಮೆ, ನಿಜ. ಆದರೆ ಅದನ್ನು ಸುತ್ತಿದ ಎಲೆಯಲ್ಲಿ ಕಾಗದದಂತೆ ಗಾಳಿಯಾಡುವುದಿಲ್ಲ. ಬೀಡಿ ಬೇಗ ಆರುತ್ತದೆ. ಆರದಿರಲೆಂದು ಸೇದುವವನು ಪದೇ ಪದೇ, ಬಲವಾಗಿ ಎಳೆಯಬೇಕಾಗುತ್ತದೆ. ಹೀಗಾಗಿ ನಿಕೋಟಿನ್, ಟಾರ್ ಎಂಬ ಅಂಟು ಮತ್ತು ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಸಿಗರೇಟಿನಿಂದ ಬರುವುದಕ್ಕಿಂತ ಹೆಚ್ಚಾಗಿಯೇ ಒಳಸೇರುತ್ತವೆ.

ನಮ್ಮ ಶ್ವಾಸನಾಳದ ಒಳಮೈಯಲ್ಲಿ ಬರಿಗಣ್ಣಿಗೆ ಕಾಣದ ಸೂಕ್ಷ್ಮ ರೋಮಗಳಿವೆ. ಅವು ಹಗಲಿರುಳೂ ಅಲುಗುತ್ತ, ಧೂಳನ್ನೂ ಕಫವನ್ನೂ ಗಂಟಲಿನ ಕಡೆಗೆ ಗುಡಿಸಿ ತಳ್ಳುತ್ತವೆ. ಹೊಗೆ ತಾಗಿದೊಡನೆ ಅವು ಮಂಕಾಗುತ್ತವೆ. ವರ್ಷಗಟ್ಟಲೆ ಸೇದಿದವರಲ್ಲಿ ನಾಶವಾಗುತ್ತವೆ. ಕಸ ಒಳಗೇ ಉಳಿಯುತ್ತದೆ. ಅದನ್ನು ಹೊರಹಾಕಲು ದೇಹಕ್ಕೆ ಉಳಿಯುವ ದಾರಿ ಕೆಮ್ಮೊಂದೇ. ಮುಂದೆ ಶ್ವಾಸಕೋಶದ ಗಾಳಿಗೂಡುಗಳ ಗೋಡೆಗಳೇ ಹರಿದು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ. ಹರಿದ ಗೋಡೆ ಮತ್ತೆ ಕೂಡುವುದಿಲ್ಲ.

ರಕ್ತದ ಪಾಡೂ ಬೇರೆಯಲ್ಲ. ಆಮ್ಲಜನಕವನ್ನು ಹೊರಬೇಕಾದ ಹಿಮೋಗ್ಲೋಬಿನ್ನಿಗೆ ಇಂಗಾಲದ ಮಾನಾಕ್ಸೈಡ್ 200 ಪಟ್ಟಿಗಿಂತಲೂ ಬಲವಾಗಿ ಅಂಟಿಕೊಳ್ಳುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೃದಯಾಘಾತಕ್ಕೆ ಇವು ದಾರಿಮಾಡುತ್ತವೆಂಬುದನ್ನು ಬಹುಜನರು ಬಲ್ಲರು. ಬರ್ಗರ್ ರೋಗವನ್ನು ಬಲ್ಲವರು ಕಡಿಮೆ. ಬೀಡಿ ಸೇದುವ ಯುವಕರನ್ನೂ ಇದು ಹಿಡಿಯುತ್ತದೆ. ಕಾಲಿನ ರಕ್ತನಾಳಗಳು ಮುಚ್ಚಿ, ಮೊದಲು ನಡೆಯುವಾಗ ನೋವು, ಆಮೇಲೆ ಬೆರಳುಗಳಲ್ಲಿ ಹುಣ್ಣು, ಕಡೆಗೆ ಬೆರಳುಗಳು ಕಪ್ಪಾಗಿ ಕತ್ತರಿಸಬೇಕಾದ ಸ್ಥಿತಿ. ಒಕ್ಕಲುತನದವನಿಗೆ ಕಾಲು ಹೋಯಿತೆಂದರೆ ಹೊಲವೂ ಹೋದಂತೆ. ತಂಬಾಕನ್ನು ಪೂರ್ಣವಾಗಿ ಬಿಡದೆ ಈ ರೋಗ ತಡೆಯಲಾಗದು.

ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು 1950ರಲ್ಲಿಯೇ ಬ್ರಿಟನ್ನಿನ ಡಾಲ್ ಮತ್ತು ಹಿಲ್ ತೋರಿಸಿದರು. ಬಾಯಿ, ಗಂಟಲುಗಳನ್ನೂ ಆ ರೋಗ ಬಿಡದು. ಭಾರತದಲ್ಲಿ 2003ರಲ್ಲಿ ತಂಬಾಕು ನಿಯಂತ್ರಣ ಕಾಯಿದೆ ಬಂದಿತು. ಅದರಂತೆ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು ಬಿಗಿಯಾದವು. ಆದರೆ ಮನೆಯ ಪಡಸಾಲೆಯಲ್ಲಿ ತಂದೆ ಬಿಟ್ಟ ಹೊಗೆಯನ್ನು ಉಸಿರಾಡುವ ಮಗುವನ್ನು ಕಾಯಿದೆ ಹೇಗೆ ಕಾಯಬೇಕು?

ಬೀಡಿ ಬಿಟ್ಟ ಒಂದೆರಡು ದಿನಗಳಲ್ಲಿ ರಕ್ತದೊಳಗಿನ ವಿಷಾನಿಲ ಇಳಿಯುತ್ತದೆ. ವರ್ಷದೊಳಗೆ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕೆ ಬರುತ್ತದೆ. ಕೆಲವರಿಗೆ ಮೊದಲ ವಾರಗಳಲ್ಲಿ ಕೆಮ್ಮು ಹೆಚ್ಚುವುದುಂಟು. ಬೀಡಿ ಬಿಟ್ಟಿದ್ದರಿಂದಲೇ ಕೆಮ್ಮು ಬಂತೆಂದು ಹೆದರಿ ಮತ್ತೆ ಕಡ್ಡಿ ಗೀರಿದವರಿದ್ದಾರೆ. ಆದರೆ ಶ್ವಾಸನಾಳದ ರೋಮಗಳು ಚೇತರಿಸಿಕೊಂಡು, ಬಹುಕಾಲದಿಂದ ಕೂಡಿಬಿದ್ದ ಕಸವನ್ನು ಗುಡಿಸತೊಡಗಿದಾಗ ಬರುವ ಕೆಮ್ಮು ಅದು.