ದುಡಿಯುವ ಪ್ರಾಯದಲ್ಲಿ ಅಂಗವಿಕಲತೆ: ಯಾವ ಬಾಗಿಲು ತಟ್ಟಬೇಕು?

ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು, ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವರು, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರು ನಮ್ಮ ನೆರೆಹೊರೆಯಲ್ಲೇ ಇದ್ದಾರೆ. ಮೂವತ್ತು, ನಲವತ್ತರ ಪ್ರಾಯ. ಸಂಸಾರದ ನೊಗ ಹೊತ್ತವರು. "ಸವಲತ್ತೆಲ್ಲ ಹುಟ್ಟಿನಿಂದ ಅಂಗವಿಕಲರಾದವರಿಗೆ, ನಮಗೆಲ್ಲಿ?" ಎಂದು ಎಷ್ಟೋ ಮನೆಯವರು ಸುಮ್ಮನಾಗುತ್ತಾರೆ. ಪ್ರಿಯ ಓದುಗರೇ, ಇದು ತಪ್ಪು ತಿಳಿವಳಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಾನಸಿಕ ಕಾಯಿಲೆಯೂ ಸೇರಿದಂತೆ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಅದು ಹುಟ್ಟಿನಿಂದ ಬಂದಿರಲಿ, ನಡುವೆ ಬಂದಿರಲಿ, ಭೇದವಿಲ್ಲ.

ಮೊದಲ ಹೆಜ್ಜೆ ಪ್ರಮಾಣಪತ್ರ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿದರೆ ಸರಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ ವಿಕಲತೆಯ ಶೇಕಡಾ ಪ್ರಮಾಣ ಬರೆದುಕೊಡುತ್ತಾರೆ. ಚಿಕಿತ್ಸೆಯ ಹಳೆಯ ಕಾಗದಗಳನ್ನೆಲ್ಲ ಜೋಪಾನವಾಗಿಡಿ. ತೀರ್ಮಾನ ಸರಿಯಲ್ಲವೆನಿಸಿದರೆ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಒಂದು ಮಾತು ನೆನಪಿರಲಿ: ಎಲ್ಲ ಬಾಗಿಲುಗಳಿಗೂ ಅಳತೆ ಒಂದೇ ಅಲ್ಲ.

1. ಕಾಯ್ದೆಯ ಮೀಸಲಾತಿಗೆ ಶೇ. 40 ಸಾಕು. ಸರಕಾರಿ ಹುದ್ದೆಗಳಲ್ಲಿ ಶೇ. 4 ಇಂಥವರಿಗೆ ಮೀಸಲು.

2. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಶೇ. 80 ವಿಕಲತೆ ಬೇಕು. ವಯಸ್ಸು 18ರಿಂದ 79. ಕುಟುಂಬ ಬಡತನ ರೇಖೆಗಿಂತ ಕೆಳಗಿರಬೇಕು. ಆದರೆ ಶೇ. 80 ಇಲ್ಲವೆಂದು ಹಿಂದಿರುಗಬೇಡಿ. ಕರ್ನಾಟಕ ಸರಕಾರದ ಮಾಸಾಶನ ಶೇ. 40ರಿಂದಲೇ ಆರಂಭ; ಅದಕ್ಕೆ ಆದಾಯದ ಮಿತಿಯುಂಟು. ನಾಡಕಚೇರಿಯಲ್ಲಿ ವಿಚಾರಿಸಿ.

3. ಇ.ಎಸ್.ಐ. ಇರುವ ಕಾರ್ಮಿಕನಿಗೆ ಕೆಲಸದ ವೇಳೆ ಅಪಘಾತವಾದರೆ ಲೆಕ್ಕವೇ ಬೇರೆ. ಅಲ್ಲಿ ನೋಡುವುದು ದುಡಿಯುವ ಶಕ್ತಿ ಎಷ್ಟು ಕುಂದಿದೆ ಎಂಬುದನ್ನು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತವಾದರೂ ಹಕ್ಕುಂಟು.

4. ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿರುವವರು ಸೇವೆಯಲ್ಲಿದ್ದಾಗ ಶಾಶ್ವತವಾಗಿ, ಪೂರ್ಣವಾಗಿ ಅಶಕ್ತರಾದರೆ 10 ವರ್ಷದ ಸೇವೆ ಬೇಕಿಲ್ಲ. ಒಂದು ತಿಂಗಳ ವಂತಿಗೆ ಸಾಕು.

5. ಸರಕಾರಿ ನೌಕರರು ಸೇವೆಯಲ್ಲಿದ್ದಾಗ ಅಂಗವಿಕಲರಾದರೆ ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಯಾರದೋ ಮಾತು ಕೇಳಿ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡಿ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ. ಸಂಕೋಚ ಬೇಡ. ಇದು ಭಿಕ್ಷೆಯಲ್ಲ, ನಿಯಮದಂತೆ ಸಲ್ಲಬೇಕಾದ ಪಾಲು. ಮನೆಯಲ್ಲಿ ಕುಳಿತವರಿಗೆ ಕಚೇರಿಗೆ ಅಲೆಯುವ ಶಕ್ತಿ ಇರುವುದಿಲ್ಲ. ಈ ವಾರ ಅಂಥ ಒಂದು ಮನೆಗೆ ಹೋಗಿ, "ಪ್ರಮಾಣಪತ್ರ ಮಾಡಿಸಿದ್ದೀರಾ?" ಎಂದು ಕೇಳೋಣ. ಇಲ್ಲವೆಂದರೆ ಜೊತೆಗೆ ಹೋಗೋಣ.