ಡಾರ್ಟ್‌ಮೂರ್ ಅಂಚಿನ ಬಂಗಲೆ: ಕೇಳುವ ಬೆಲೆ, ಬೀಳುವ ಬೆಲೆ

ಇಂಗ್ಲೆಂಡಿನ ಡೆವನ್, ಕಾರ್ನ್‌ವಾಲ್ ಕಡೆಯ ಮನೆ ಮಾರಾಟದ ಜಾಹೀರಾತುಗಳಲ್ಲಿ ಒಂದು ಬಗೆಯ ಮನೆ ಮತ್ತೆ ಮತ್ತೆ ಎದುರಾಗುತ್ತದೆ. ಅಕ್ಕಪಕ್ಕದವರೊಂದಿಗೆ ಗೋಡೆ ಹಂಚಿಕೊಳ್ಳದ ಒಂಟಿ ಬಂಗಲೆ, ಮೂರು ಮಲಗುವ ಕೋಣೆ, ಸುತ್ತ ಕಾಲೆಕರೆ ಹುಲ್ಲು, ಗೇಟು ದಾಟಿದರೆ ಡಾರ್ಟ್‌ಮೂರ್ ಅಥವಾ ಬಾಡ್ಮಿನ್ ಮೂರ್‌ನ ಬಯಲು. ಬೆಲೆ ನಾಲ್ಕು ಲಕ್ಷ ಪೌಂಡ್ ಎಂದಿಟ್ಟುಕೊಳ್ಳೋಣ. ಲಂಡನ್ನಿನ ಹಲವು ಬಡಾವಣೆಗಳಲ್ಲಿ ಇದೇ ಹಣಕ್ಕೆ ಒಂದೆರಡು ಕೋಣೆಯ ಫ್ಲ್ಯಾಟ್ ಸಿಕ್ಕರೆ ಹೆಚ್ಚು. ಪ್ಲಿಮತ್‌ನ ಡೆರಿಫರ್ಡ್ ಆಸ್ಪತ್ರೆಯಲ್ಲೋ ಟ್ರೂರೋದಲ್ಲೋ ಕೆಲಸ ಹಿಡಿದು ಬರುವ ನಮ್ಮ ವೈದ್ಯರು, ದಾದಿಯರು, ಮನೆಯಲ್ಲೇ ಕೂತು ದುಡಿಯುವ ಸಾಫ್ಟ್‌ವೇರ್ ಮಂದಿ ಇಂಥ ಚಿತ್ರದ ಮುಂದೆ ಒಂದು ಗಳಿಗೆ ನಿಂತುಬಿಡುವುದು ಸಹಜ. ತೋಟದ ಮನೆಯಲ್ಲಿ ಬೆಳೆದವರಾದರೆ ಕೇಳುವುದೇ ಬೇಡ. ಈ ದೇಶದಲ್ಲಿ ಮನೆ ಸಾಲ ಕಟ್ಟುತ್ತ, ಇಂಥ ಜಾಹೀರಾತುಗಳನ್ನು ವರ್ಷಗಟ್ಟಲೆ ಓದುತ್ತ ಬಂದ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತಿದೆ. ಊರೊಳಗೆ ಮನೆ ಕೊಂಡವರಿಗೆ ನೀರು, ಚರಂಡಿ, ಗ್ಯಾಸು, ಬಸ್ಸು ಊರಿನ ಲೆಕ್ಕದಲ್ಲಿ ಬರುತ್ತವೆ. ಮೂರ್ ಅಂಚಿನಲ್ಲಿ ಕೊಂಡವರು ಇವನ್ನೆಲ್ಲ ಮನೆಯ ಜೊತೆಗೇ ಕೊಳ್ಳುತ್ತಾರೆ. ಇವುಗಳಿಗೆ ಬೀಳುವ ಖರ್ಚನ್ನು ಮೊದಲೇ ಪೌಂಡಿಗೆ ಇಳಿಸಿ, ಮಾಲೀಕರು ಕೇಳುವ ಬೆಲೆಯಿಂದ ಕಳೆಯದ ಹೊರತು ಯಾರೂ ಬೆಲೆ ಹೇಳಬಾರದು.

ಮೊದಲು ಶಾಖದ ಲೆಕ್ಕ, ಏಕೆಂದರೆ ದುಡ್ಡು ಹೆಚ್ಚು ಸೋರುವುದು ಅಲ್ಲೇ. ಮೂರ್ ಎಂದರೆ ಮರಗಳು ವಿರಳವಾದ, ಹೆದರ್ ಪೊದೆ, ಜೌಗು, ಗ್ರಾನೈಟ್ ಬಂಡೆಗಳ ಎತ್ತರದ ಬಯಲು. 1951ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಡಾರ್ಟ್‌ಮೂರ್‌ನ ನಡುವೆ ಇರುವ ಪ್ರಿನ್ಸ್‌ಟೌನ್‌ನಲ್ಲಿ ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ. ಆಗುಂಬೆ ಕಂಡವರು ಇದೇನು ಮಹಾ ಎಂದಾರು. ಆದರೆ ಅಲ್ಲಿ ಮಳೆಗಾಲಕ್ಕೆ ಒಂದು ಗಡುವಿದೆ. ಇಲ್ಲಿ ಹನ್ನೆರಡು ತಿಂಗಳೂ ತಣ್ಣನೆಯ ಹನಿ ಗಾಳಿಯ ಜೊತೆ ಅಡ್ಡಲಾಗಿ ಬಂದು ಗೋಡೆಗೆ ಬಡಿಯುತ್ತಿರುತ್ತದೆ. ಬಂಗಲೆಯ ರಚನೆಯೂ ಈ ಹವೆಗೆ ಅನುಕೂಲವಲ್ಲ. ಎರಡು ಅಂತಸ್ತಿನಲ್ಲಿ ಅಡಗುವ ಜಾಗವನ್ನು ಒಂದೇ ಅಂತಸ್ತಿನಲ್ಲಿ ಹರಡಿದಾಗ ಮಾಡಿನ ವಿಸ್ತಾರ ಇಮ್ಮಡಿ, ನೆಲಕ್ಕೆ ತಾಗುವ ಪಾಯವೂ ಇಮ್ಮಡಿ. ಮೇಲಿನಿಂದಲೂ ಕೆಳಗಿನಿಂದಲೂ ಬಿಸಿ ಹೊರಗೆ ಹೋಗುತ್ತದೆ. 1960ರ ದಶಕದಲ್ಲಿ ಕಟ್ಟಿದ, ಆಮೇಲೆ ಅಷ್ಟಾಗಿ ಮುಟ್ಟದ ಮನೆಗೆ ವರ್ಷಕ್ಕೆ 20,000 ಯೂನಿಟ್ (ಕಿಲೋವ್ಯಾಟ್ ಗಂಟೆ) ಶಾಖ ಬೇಕೆಂದುಕೊಂಡರೆ ಅದು ಅತಿಯ ಮಾತಲ್ಲ. ಗ್ಯಾಸ್ ಕೊಳವೆ ತಲುಪದ ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಉರಿಸುವುದು ಸೀಮೆಎಣ್ಣೆ. ಅದರ ಒಂದು ಲೀಟರಿನಲ್ಲಿ ಹತ್ತು ಯೂನಿಟ್ಟಿಗೆ ತುಸು ಹೆಚ್ಚು ಶಾಖವಿದೆ. ಬಾಯ್ಲರಿನಲ್ಲಿ ಪೋಲಾಗುವುದನ್ನು ಕಳೆದರೆ ವರ್ಷಕ್ಕೆ 2,200 ಲೀಟರ್ ಎಣ್ಣೆ. ಲೀಟರಿಗೆ 65 ಪೆನ್ಸ್ ಇದ್ದಾಗ 1,430 ಪೌಂಡ್, ಒಂದು ಪೌಂಡ್ ಆದಾಗ 2,200. ಇಂಧನ ನಿಯಂತ್ರಕ ಆಫ್‌ಜೆಮ್ ಗ್ಯಾಸು, ವಿದ್ಯುತ್ತಿಗೆ ಹಾಕುವ ಬೆಲೆ ಮಿತಿ ಎಣ್ಣೆಗೆ ಅನ್ವಯಿಸುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಬೆನ್ನಲ್ಲೇ, 2022ರ ಮಾರ್ಚ್‌ನಲ್ಲಿ ಈ ಎಣ್ಣೆಯ ಬೆಲೆ ಕೆಲವೇ ದಿನಗಳಲ್ಲಿ ಪೌಂಡ್ ದಾಟಿತು. ಊರೊಳಗಿನವರ ಗ್ಯಾಸ್ ದರಕ್ಕೆ ಮಿತಿ ಇತ್ತು, ಹಳ್ಳಿಯ ಟ್ಯಾಂಕಿಗೆ ಇರಲಿಲ್ಲ. ಸಾಮಾನ್ಯವಾಗಿ ಕನಿಷ್ಠ 500 ಲೀಟರ್ ತರಿಸಬೇಕಾಗುವುದರಿಂದ ಅಷ್ಟು ಹಣವನ್ನು ಒಂದೇ ಗಂಟಾಗಿ ತೆರಬೇಕು.

ಇದಕ್ಕೆ, ಹೊರಗಿನ ಶಾಖವನ್ನು ವಿದ್ಯುತ್ತಿನಿಂದ ಒಳಗೆ ಎಳೆಯುವ ಹೀಟ್ ಪಂಪ್ ಉತ್ತರವಲ್ಲವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ ಅದು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸರ್ಕಾರ ಇದಕ್ಕೆ 7,500 ಪೌಂಡ್ ಸಹಾಯಧನ ಕೊಡುತ್ತದೆ. ಎಣ್ಣೆ ಉರಿಸುವ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಆದರೆ ಸಹಾಯಧನ ಯಂತ್ರಕ್ಕೆ ಮಾತ್ರ. ಅದಕ್ಕೆ ಮೊದಲು ಮಾಡಿನ ಕೆಳಗೆ, ಗೋಡೆಯ ಸಂದಿಯಲ್ಲಿ ಶಾಖ ತಡೆಯುವ ಪದರ ಸರಿಯಾಗಬೇಕು, ಕೆಲವೆಡೆ ದೊಡ್ಡ ರೇಡಿಯೇಟರ್ ಬೇಕು, ಆ ಖರ್ಚು ಕೊಂಡವರದು. ಕರೆಂಟು ಹೋದರೆ ಹೀಟ್ ಪಂಪ್ ನಿಲ್ಲುತ್ತದೆ. ಎಣ್ಣೆ ಬಾಯ್ಲರಿಗೂ ಹೊತ್ತಿಕೊಳ್ಳಲು ಕರೆಂಟು ಬೇಕು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. 2021ರ ನವೆಂಬರ್ ಕೊನೆಯಲ್ಲಿ ಆರ್ವೆನ್ ಚಂಡಮಾರುತ ಬೀಸಿದಾಗ ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳ ವಿದ್ಯುತ್ ಹೋಯಿತು, ಸುಮಾರು 4,000 ಮನೆಗಳಿಗೆ ವಾರ ಕಳೆದರೂ ಬರಲಿಲ್ಲ. ಆ ಪೆಟ್ಟು ಹೆಚ್ಚಾಗಿ ಬಿದ್ದದ್ದು ಉತ್ತರದ ಹಳ್ಳಿಗಳಿಗೆ. ಆದರೆ ಮೂರ್ ಅಂಚಿನ ಒಂಟಿ ಮನೆಗೂ ಅದು ತಪ್ಪಿದ್ದಲ್ಲ, ಹಾಗಾಗಿ ಸೌದೆ ಒಲೆ, ಒಣಗಿದ ಸೌದೆ, ಅದನ್ನಿಡಲು ಒಂದು ಕೊಟ್ಟಿಗೆ ಇವೂ ಮನೆಯ ಬೆಲೆಯೊಳಗೇ ಸೇರಬೇಕು.

ಎರಡನೆಯದು ನೆಲದಡಿಯ ವ್ಯವಹಾರ. ಇಂಥ ಮನೆಗಳ ಕೊಳಚೆ ಸಾಮಾನ್ಯವಾಗಿ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ. ಮನೆ ನೋಡಲು ಹೋದಾಗ ಅಡುಗೆಮನೆಯ ಕಟ್ಟೆಯ ಕಲ್ಲನ್ನು ಸವರಿ ನೋಡುವುದಕ್ಕಿಂತ ಹಿತ್ತಿಲ ತುರಿಕೆ ಗಿಡಗಳ ನಡುವೆ ಹುದುಗಿದ ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂದು ಹುಡುಕುವುದು ಹೆಚ್ಚು ಉಪಯೋಗ. ಆ ಮುಚ್ಚಳದಿಂದ ಇಳಿಜಾರಿನ ದಿಕ್ಕಿನಲ್ಲಿ ನಡೆಯುತ್ತ ಹೋದರೆ ಹುಲ್ಲು ಒಂದು ಪಟ್ಟಿಯಲ್ಲಿ ಮಾತ್ರ ದಟ್ಟವಾಗಿ, ಕಡುಹಸಿರಾಗಿ ಬೆಳೆದಿರುತ್ತದೆ. ಅದು ನೀರು ನೆಲಕ್ಕೆ ಇಂಗುವ ಜಾಗ. ಹಾಗಿಲ್ಲದೆ ಪೈಪಿನ ಬಾಯಿ ನೇರವಾಗಿ ತೊರೆಗೋ ಹಳ್ಳಕ್ಕೋ ತೆರೆದುಕೊಂಡಿದ್ದರೆ ಅದು ಕಾನೂನಿಗೆ ವಿರುದ್ಧ. ಸೆಪ್ಟಿಕ್ ಟ್ಯಾಂಕಿನಿಂದ ನೇರ ನೀರಿಗೆ ಬಿಡುವುದನ್ನು 2020ರ ಜನವರಿ 1ರೊಳಗೆ ಸರಿಪಡಿಸಬೇಕೆಂದು ಇಂಗ್ಲೆಂಡಿನ ನಿಯಮ ಹೇಳಿತ್ತು. ಇನ್ನೂ ಸರಿಯಾಗದಿದ್ದರೆ ಹೊಸ ಶುದ್ಧೀಕರಣ ಘಟಕ ಕೂರಿಸಬೇಕು. ಹತ್ತು ಸಾವಿರ ಪೌಂಡ್ ಆಸುಪಾಸು ಬೀಳುತ್ತದೆ, ಕೆಳಗೆ ಗ್ರಾನೈಟ್ ಸಿಕ್ಕರೆ ಇನ್ನೂ ಹೆಚ್ಚು. ಕುಡಿಯುವ ನೀರು ಊಟೆಯದೋ ಕೊಳವೆಬಾವಿಯದೋ ಆಗಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಒಂದೇ ಕುಟುಂಬ ಬಳಸುವ ಖಾಸಗಿ ನೀರಿನ ಪರೀಕ್ಷೆಯನ್ನು ಸ್ಥಳೀಯ ಆಡಳಿತ ತಾನಾಗಿ ಮಾಡುವುದಿಲ್ಲ, ಕೇಳಿದರಷ್ಟೇ ಮಾಡುತ್ತದೆ. ವರದಿ ಇಲ್ಲವೆಂದರೆ ನೀರು ಚೆನ್ನಾಗಿದೆ ಎಂದು ಅರ್ಥವಲ್ಲ.

ಮೂರನೆಯದು ಗೋಡೆ. ಕಾರ್ನ್‌ವಾಲ್, ಡೆವನ್ ಭಾಗದಲ್ಲಿ ಇಪ್ಪತ್ತನೇ ಶತಮಾನದ ಮೊದಲರ್ಧದ ಬಹಳಷ್ಟು ಮನೆಗಳನ್ನು ತವರ, ತಾಮ್ರದ ಗಣಿಗಳ ತ್ಯಾಜ್ಯ ಕಲ್ಲು ಬೆರೆಸಿದ ಕಾಂಕ್ರೀಟಿನಲ್ಲಿ ಕಟ್ಟಿದರು. ಆ ಕಲ್ಲಿನಲ್ಲಿರುವ ಪೈರೈಟ್ ಎಂಬ ಖನಿಜ ತೇವ ತಾಗಿದಾಗ ರಾಸಾಯನಿಕವಾಗಿ ಬದಲಾಗಿ ಕಾಂಕ್ರೀಟನ್ನು ಒಳಗಿನಿಂದಲೇ ಪುಡಿ ಮಾಡುತ್ತದೆ. ಅಲ್ಲಿನವರು ಇದಕ್ಕೆ ಮಂಡಿಕ್ ಎನ್ನುತ್ತಾರೆ. ಗೋಡೆಯಿಂದ ಮಾದರಿ ಕೊರೆದು ಪರೀಕ್ಷಿಸಿದಾಗ ಸಿ ದರ್ಜೆ ಬಂದರೆ ಆ ಮನೆಗೆ ಸಾಮಾನ್ಯ ಬ್ಯಾಂಕ್ ಸಾಲ ಸಿಗುವುದಿಲ್ಲ. ನಗದು ಹಿಡಿದು ಬಂದವರಷ್ಟೇ ಕೊಳ್ಳಬಲ್ಲರು, ನಾಳೆ ನೀವು ಮಾರುವಾಗಲೂ ಅಂಥವರನ್ನೇ ಹುಡುಕಬೇಕು. ರೇಡಾನ್ ಅನಿಲದ ಮಾತು ಬೇರೆ. ಗ್ರಾನೈಟಿನಿಂದ ಹೊಮ್ಮುವ ಈ ವಿಕಿರಣಶೀಲ ಅನಿಲ ಮನೆಯೊಳಗೆ ಪ್ರತಿ ಘನ ಮೀಟರಿಗೆ 200 ಬೆಕರೆಲ್ ಮೀರಿದರೆ ಕ್ರಮ ಕೈಗೊಳ್ಳಿ ಎಂದು ಸರ್ಕಾರ ಹೇಳುತ್ತದೆ. ಪರೀಕ್ಷೆ ಅಗ್ಗ, ಮೂರು ತಿಂಗಳು ಹಿಡಿಯುತ್ತದೆ. ನೆಲದಡಿ ಗುಂಡಿ ತೋಡಿ ಫ್ಯಾನ್ ಇಟ್ಟರೆ ಬಹುತೇಕ ಬಗೆಹರಿಯುವ ಸಮಸ್ಯೆ ಇದು. ಜನ ಹೆಸರು ಕೇಳಿ ಬೆಚ್ಚುವುದು ರೇಡಾನಿಗೆ, ಆದರೆ ಉಳಿತಾಯವನ್ನು ನುಂಗುವುದು ಮಂಡಿಕ್.

ಬೆಲೆ ಅನುಮಾನ ಹುಟ್ಟಿಸುವಷ್ಟು ಕಡಿಮೆಯಿದ್ದರೆ ಕೃಷಿ ನಿರ್ಬಂಧ ಇದೆಯೇ ಎಂದು ಕೇಳಿ. ಹಳ್ಳಿಯ ಬಯಲಿನಲ್ಲಿ ಒಂಟಿಯಾಗಿ ನಿಂತ ಎಷ್ಟೋ ಬಂಗಲೆಗಳಿಗೆ ಕಟ್ಟಲು ಅನುಮತಿ ಸಿಕ್ಕಿದ್ದೇ ಒಬ್ಬ ರೈತನಿಗೋ ಕೃಷಿ ಕಾರ್ಮಿಕನಿಗೋ ಮನೆ ಬೇಕು ಎಂಬ ಕಾರಣಕ್ಕೆ. ಆ ಅನುಮತಿಯಲ್ಲೇ, ಇಲ್ಲಿ ವಾಸಿಸುವವರು ಮುಖ್ಯವಾಗಿ ಆ ಸೀಮೆಯ ಕೃಷಿಯಲ್ಲಿ ದುಡಿಯುವವರೋ ಕೊನೆಯದಾಗಿ ದುಡಿದವರೋ ಆಗಿರಬೇಕು ಎಂಬ ಷರತ್ತಿರುತ್ತದೆ. ಆಸ್ಪತ್ರೆಯ ವೈದ್ಯರಿಗೆ ಆ ಮನೆ ಎಷ್ಟೇ ಅಗ್ಗವಾದರೂ ಅಲ್ಲಿ ವಾಸಿಸಲಾಗದು. ಇನ್ನು ಡಾರ್ಟ್‌ಮೂರ್‌ನ ಸಾಮೂಹಿಕ ಗೋಮಾಳಕ್ಕೆ ಹೊಂದಿಕೊಂಡ ಮನೆಯಾದರೆ, ಅಲ್ಲಿ ಮೇಯುವ ಕುರಿ, ಕುದುರೆ ಒಳಗೆ ಬಾರದಂತೆ ಬೇಲಿ ಕಾಯುವುದು ಮನೆಯವರದೇ ಹೊಣೆ. ಸುಣ್ಣಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ ಚಿತ್ರದಲ್ಲಿ ಸೊಗಸು. ಬಿದ್ದಾಗ ಕಟ್ಟುವ ಕೈಗಳು ವಿರಳ, ಕೂಲಿ ಮೀಟರಿನ ಲೆಕ್ಕ.

ಇಷ್ಟನ್ನೂ ಕೇಳಿದವರು ಎತ್ತುವ ಬಲವಾದ ಆಕ್ಷೇಪ ಒಂದಿದೆ: ಈ ತೊಂದರೆಗಳೆಲ್ಲ ಎಲ್ಲರಿಗೂ ಗೊತ್ತು, ಆದ್ದರಿಂದ ಕೇಳುವ ಬೆಲೆಯಲ್ಲೇ ಕಳೆದಿರುತ್ತಾರಲ್ಲ? ಕಣ್ಣಿಗೆ ಕಾಣುವುದರ ಮಟ್ಟಿಗೆ ಇದು ನಿಜ. ದೂರ, ಇಕ್ಕಟ್ಟಿನ ದಾರಿ, ಹಳೆಯ ಅಡುಗೆಮನೆ ಇವು ಬೆಲೆಯಲ್ಲಿ ಸೇರಿಯೇ ಇರುತ್ತವೆ. ನೆಲದಡಿಯದು, ಗೋಡೆಯೊಳಗಿನದು ಸೇರಿರುವುದಿಲ್ಲ. ಇಂಥ ದಾರಿಗಳಲ್ಲಿ ಮನೆಗಳು ಮಾರಾಟವಾಗುವುದೇ ಅಪರೂಪ, ಹಾಗಾಗಿ ಏಜೆಂಟರು ಹೋಲಿಸುವುದು ಗ್ಯಾಸ್ ಸಂಪರ್ಕವಿರುವ ಹತ್ತಿರದ ಹಳ್ಳಿಯ ಬಂಗಲೆಗೆ. ಬ್ಯಾಂಕಿನವರು ಮಾಡಿಸುವ ಮೌಲ್ಯಮಾಪನ ತಮ್ಮ ಸಾಲದ ಭದ್ರತೆಗೆ, ನಿಮ್ಮ ಕಿಸೆಯ ಭದ್ರತೆಗಲ್ಲ. ಆದ್ದರಿಂದ ಲೆಕ್ಕ ನಾವೇ ಹಾಕಬೇಕು. ಎಣ್ಣೆ, ಟ್ಯಾಂಕು ಖಾಲಿ ಮಾಡಿಸುವುದು, ಬೇಲಿ, ಬಸ್ಸಿಲ್ಲದ ಕಾರಣಕ್ಕೆ ಎರಡನೇ ಕಾರು ಎಲ್ಲ ಸೇರಿ ಊರಿನ ಮನೆಗಿಂತ ವರ್ಷಕ್ಕೆ 3,000 ಪೌಂಡ್ ಹೆಚ್ಚು ಎಂದು ನನ್ನ ಅಂದಾಜು. ಶೇಕಡಾ 5ರ ಬಡ್ಡಿಯಲ್ಲಿ ಅದು 60,000 ಪೌಂಡ್ ಸಾಲದ ವಾರ್ಷಿಕ ಬಡ್ಡಿ. ಅಂದರೆ ನಾಲ್ಕು ಲಕ್ಷದ ಬಂಗಲೆಯನ್ನು ನಾಲ್ಕು ಲಕ್ಷ ಅರವತ್ತು ಸಾವಿರದ ಊರಮನೆಯ ಪಕ್ಕದಲ್ಲಿಟ್ಟು ನೋಡಬೇಕು.

ನೆಮ್ಮದಿಗೆ ಬೆಲೆ ಕಟ್ಟಲಾದೀತೇ ಎನ್ನುವವರ ಜೊತೆ ನನಗೆ ಜಗಳವಿಲ್ಲ. ಕಿಟಕಿ ತೆರೆದರೆ ಬಾನಾಡಿಯ ದನಿ ಕೇಳುವ ಮನೆಗೆ ವರ್ಷಕ್ಕೆ ಮೂರು ಸಾವಿರ ಕೊಡಬಲ್ಲವರು ಸಂತೋಷವಾಗಿ ಕೊಡಲಿ. ಅದನ್ನು ಉಳಿತಾಯವೆಂದು ಬರೆದುಕೊಳ್ಳದೆ ಖರ್ಚೆಂದು ಬರೆದುಕೊಂಡರೆ ಸಾಕು. ಮೆಟ್ಟಿಲಿಲ್ಲದ ಮನೆ ಮುಪ್ಪಿಗೆ ಅನುಕೂಲ ಎಂಬ ವಾದವೂ ಅರ್ಧ ಸರಿ. ಆದರೆ 70 ದಾಟಿದವರು ಮೂರು ವರ್ಷಕ್ಕೊಮ್ಮೆ ಚಾಲನಾ ಪರವಾನಗಿ ನವೀಕರಿಸಬೇಕಾದ ದೇಶದಲ್ಲಿ, ಕಾರಿಲ್ಲದೆ ಔಷಧದಂಗಡಿ ಮುಟ್ಟಲಾಗದ ಮನೆ ಮುಪ್ಪಿಗೆ ಒದಗುವುದು ಒಂದು ಹಂತದವರೆಗೆ ಮಾತ್ರ. ಪ್ರವಾಸಿಗರಿಗೆ ಬಾಡಿಗೆ ಕೊಟ್ಟು ಸಾಲ ತೀರಿಸುತ್ತೇವೆ ಎನ್ನುವವರಿಗೆ ಇದ್ದ ವಿಶೇಷ ತೆರಿಗೆ ಸೌಲಭ್ಯ 2025ರ ಏಪ್ರಿಲ್‌ನಲ್ಲಿ ರದ್ದಾಯಿತು. ಅದೇ ತಿಂಗಳಿಂದ ಎರಡನೇ ಮನೆಗಳ ಮೇಲೆ ಕೌನ್ಸಿಲ್ ತೆರಿಗೆಯನ್ನು ಇಮ್ಮಡಿ ಮಾಡಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ಬಂದಿದ್ದು, ಕಾರ್ನ್‌ವಾಲ್ ಅದನ್ನು ಬಳಸಿದೆ.

ಕನ್ನಡಿಗ ಕುಟುಂಬಗಳು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ಸ್ಟಾಂಪ್ ಡ್ಯೂಟಿಯಲ್ಲಿ. ನಾಲ್ಕು ಲಕ್ಷ ಪೌಂಡಿನ ಮನೆಗೆ ಮೊದಲ ಬಾರಿ ಮನೆ ಕೊಳ್ಳುವವರು ತೆರುವುದು 5,000 ಪೌಂಡ್, ಉಳಿದವರು 10,000. ಈಗಾಗಲೇ ಇನ್ನೊಂದು ಮನೆ ಇದ್ದು, ಹಳೆಯ ವಾಸದ ಮನೆಯನ್ನು ಮಾರಿ ಇದನ್ನು ಕೊಳ್ಳುತ್ತಿಲ್ಲವಾದರೆ ಪೂರ್ತಿ ಬೆಲೆಯ ಮೇಲೆ ಶೇಕಡಾ 5 ಹೆಚ್ಚುವರಿ, ಒಟ್ಟು 30,000. ಆ ಇನ್ನೊಂದು ಮನೆ ಬ್ರಿಟನ್ನಿನಲ್ಲೇ ಇರಬೇಕೆಂದಿಲ್ಲ, ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟ್, ಮೈಸೂರಿನ ಮನೆಯಲ್ಲಿ 40,000 ಪೌಂಡ್ ಅಥವಾ ಹೆಚ್ಚು ಬೆಲೆ ಬಾಳುವ ಪಾಲು, ಎಲ್ಲವೂ. ಗಂಡ ಹೆಂಡತಿಯರಲ್ಲಿ ಒಬ್ಬರ ಹೆಸರಿನಲ್ಲಿದ್ದರೂ ಇಬ್ಬರಿಗೂ ತಾಗುತ್ತದೆ. ಪ್ಲಿಮತ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದು, ನಮ್ಮದು ಇಲ್ಲಿ ಮೊದಲ ಮನೆ ಎಂದುಕೊಂಡ ದಂಪತಿಗೆ ಈ 25,000 ಪೌಂಡಿನ ವ್ಯತ್ಯಾಸ ಎದುರಾಗುವುದು ಕಾಗದ ಪತ್ರಗಳ ಕೊನೆಯ ಹಂತದಲ್ಲಿ. ಇಂಗ್ಲೆಂಡಿನಲ್ಲಿ ಕರಾರು ವಿನಿಮಯವಾಗುವ ತನಕ ಕೊಳ್ಳುವವರು, ಮಾರುವವರು ಇಬ್ಬರಲ್ಲಿ ಯಾರೂ ಬದ್ಧರಲ್ಲ. ವಿನಿಮಯವಾದ ಮೇಲೆ ಕೊಳ್ಳುವವರು ಹಿಂದೆ ಸರಿದರೆ ಸಾಮಾನ್ಯವಾಗಿ ಬೆಲೆಯ ಹತ್ತನೇ ಒಂದು ಭಾಗದಷ್ಟಿರುವ ಮುಂಗಡ ಕೈಬಿಡಬೇಕು. ಹಾಗಾಗಿ ಚರಂಡಿಯ ತಪಾಸಣೆ, ನೀರಿನ ಪರೀಕ್ಷೆ, ಮಂಡಿಕ್ ವರದಿ, ಕಟ್ಟಡದ ಮೂರನೇ ಹಂತದ ಪೂರ್ಣ ಸರ್ವೆ ಇವಕ್ಕೆಲ್ಲ ಆ ದಿನಕ್ಕೆ ಮುಂಚೆಯೇ ಹಣ ಸುರಿಯಬೇಕು, ತಾಯ್ನಾಡಿನ ಆಸ್ತಿಯ ಕ್ರಯಪತ್ರ, ಖಾತೆ, ಪಾಲುಪಟ್ಟಿಗಳನ್ನು ಬೆಲೆ ಹೇಳುವ ಮುನ್ನವೇ ಕ್ರಯದ ಕೆಲಸ ನೋಡುವ ವಕೀಲರ (ಸಾಲಿಸಿಟರ್) ಮೇಜಿನ ಮೇಲೆ ಇಟ್ಟಿರಬೇಕು.